ವೈದ್ಯಕೀಯ ಪದಗಳ ಪೂರ್ವಪ್ರತ್ಯಯಗಳನ್ನು ಕಲಿಯುವ ಬಗೆ: ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗಳಿಗೊಂದು ಮಾರ್ಗದರ್ಶಿ

ಮಂಗಳೂರು, ದೇರಳಕಟ್ಟೆ, ಉಡುಪಿ ಹಾಗೂ ಮಣಿಪಾಲದ ನರ್ಸಿಂಗ್ ಮತ್ತು ಪ್ಯಾರಾಮೆಡಿಕಲ್ ಕಾಲೇಜುಗಳಿಗೆ ಬೆಳ್ತಂಗಡಿ, ಸುಳ್ಯ, ಕಾರ್ಕಳ, ಬೈಂದೂರು ಕಡೆಯಿಂದ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳು ಪ್ರತಿವರ್ಷವೂ ಬಂದು ಸೇರುತ್ತಾರೆ. ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಅವರ ಔಷಧಾಲಯ, ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಆರಂಭವಾದ ಈ ಕರಾವಳಿಯಲ್ಲಿ ಆಸ್ಪತ್ರೆಯ ಕೆಲಸವು ಅನೇಕ ಮನೆಗಳ ಜೀವನಾಧಾರವಾಗಿದೆ. ಹಾಗಿದ್ದರೂ ಮೊದಲ ವರ್ಷದ ತರಗತಿಯಲ್ಲಿ ಈ ಮಕ್ಕಳು ತಡವರಿಸುವುದು ಹೆಚ್ಚಾಗಿ ಪದಗಳ ಮುಂದೆಯೇ. ಒಂದು ಪುಟದಲ್ಲಿ ಇಪ್ಪತ್ತು ಹೊಸ ಪದಗಳು ಬಂದರೆ ಅವರು ಇಪ್ಪತ್ತನ್ನೂ ಒಂದೊಂದಾಗಿ ಬಾಯಿಪಾಠ ಮಾಡಲು ಹೊರಡುತ್ತಾರೆ, ವಾರ ಕಳೆಯುವಷ್ಟರಲ್ಲಿ ಅರ್ಧ ಮರೆತಿರುತ್ತಾರೆ.

ಈ ಪದಗಳಲ್ಲಿ ಬಹುಪಾಲು ಗ್ರೀಕ್ ಮತ್ತು ಲ್ಯಾಟಿನ್ ತುಂಡುಗಳನ್ನು ಜೋಡಿಸಿ ಕಟ್ಟಿದವು. ಆ ಎರಡು ಭಾಷೆಗಳೂ ಸಂಸ್ಕೃತವೂ ಒಂದೇ ಭಾಷಾ ಕುಟುಂಬಕ್ಕೆ ಸೇರಿದವಾದ್ದರಿಂದ, ಸಂಸ್ಕೃತದಿಂದ ಕನ್ನಡಕ್ಕೆ ಬಂದು ನಮ್ಮ ಮಾತಿನಲ್ಲಿ ಬೆರೆತುಹೋಗಿರುವ ಉಪಸರ್ಗಗಳ ಹತ್ತಿರದ ನೆಂಟರೇ ರೋಗಿಯ ವಿವರಗಳನ್ನು ಬರೆಯುವ ಕೇಸ್ ಶೀಟಿನಲ್ಲಿಯೂ ಕಾಣಿಸಿಕೊಳ್ಳುತ್ತಾರೆ. ಕನ್ನಡವನ್ನು ಚೆನ್ನಾಗಿ ಓದಿದ ವಿದ್ಯಾರ್ಥಿಗೆ ಪೂರ್ವಪ್ರತ್ಯಯಗಳ ವಿಷಯದಲ್ಲಿ ಹಿಂದುಳಿಯುವ ಕಾರಣವೇ ಇಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಕಲಿಕೆಯ ಕ್ರಮವನ್ನು ಮುಂದೆ ಹಂತಹಂತವಾಗಿ ವಿವರಿಸಿದ್ದೇನೆ.

ಮೊದಲನೆಯ ಹಂತ: ಪದವನ್ನು ಬಿಡಿಸಿ, ಬಾಲದಿಂದ ಓದಿ

ದೀರ್ಘ ಪದವೊಂದು ಎದುರಾದಾಗ ಅದನ್ನು ಪೂರ್ವಪ್ರತ್ಯಯ, ಮೂಲ, ಕೊನೆಯ ಪ್ರತ್ಯಯ ಎಂದು ಮೂರು ತುಂಡು ಮಾಡಿ. ಅರ್ಥ ಮಾಡಿಕೊಳ್ಳುವಾಗ ಕೊನೆಯ ತುಂಡಿನಿಂದ ಆರಂಭಿಸಿ, ನಂತರ ತಲೆಗೆ, ಅಂದರೆ ಪೂರ್ವಪ್ರತ್ಯಯಕ್ಕೆ ಹೋಗಿ, ಕೊನೆಗೆ ನಡುವಿನ ಮೂಲಕ್ಕೆ ಬನ್ನಿ. ಪೆರಿಕಾರ್ಡೈಟಿಸ್ ಎಂಬಲ್ಲಿ ಐಟಿಸ್ ಎಂದರೆ ಉರಿಯೂತ, ಪೆರಿ ಎಂದರೆ ಸುತ್ತ, ಕಾರ್ಡ್ ಎಂದರೆ ಹೃದಯ. ಒಟ್ಟಿಗೆ ಹೃದಯವನ್ನು ಸುತ್ತುವರಿದ ಪೊರೆಯ ಉರಿಯೂತವೆಂದಾಯಿತು. ಎಂಡೊಕಾರ್ಡೈಟಿಸ್ ಎಂದಾಗ ಬದಲಾದದ್ದು ತಲೆ ಮಾತ್ರ. ಎಂಡೊ ಎಂದರೆ ಒಳಗೆ, ಆದ್ದರಿಂದ ಉರಿಯೂತವು ಹೃದಯದ ಒಳಪದರಕ್ಕೆ ಸರಿಯಿತು. ಎಲ್ಲ ಪದಗಳಿಗೂ ಪೂರ್ವಪ್ರತ್ಯಯ ಇರಲೇಬೇಕೆಂದಿಲ್ಲ. ಗ್ಯಾಸ್ಟ್ರೈಟಿಸ್ ಎಂಬಲ್ಲಿ ಹೊಟ್ಟೆಯ ಜಠರವೆಂಬ ಮೂಲ ಮತ್ತು ಉರಿಯೂತವೆಂಬ ಪ್ರತ್ಯಯ ಎರಡೇ ಇವೆ. ಅಲ್ಲಿ ತಲೆಯನ್ನು ಹುಡುಕುತ್ತ ಕೂರಬೇಡಿ.

ಎರಡನೆಯ ಹಂತ: ಮೂಲ ಒಂದೇ ಇರಲಿ, ತಲೆ ಬದಲಾಗಲಿ

ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ ಎಂಬ ಸಾಲನ್ನು ವ್ಯಾಕರಣದ ಪಾಠದಲ್ಲಿ ಕೇಳಿದವರಿಗೆ ಈ ಹಂತ ಹೊಸದಲ್ಲ. ಧಾತು ಒಂದೇ ಇದ್ದು ಉಪಸರ್ಗ ಬದಲಾದಾಗ ಅರ್ಥವೇ ಬೇರೆಡೆಗೆ ಎಳೆದೊಯ್ಯಲ್ಪಡುವುದನ್ನು ಆ ಸಾಲು ತೋರಿಸುತ್ತದೆ. ವೈದ್ಯಕೀಯ ಪದಗಳನ್ನೂ ಹೀಗೆಯೇ ಸಾಲುಗಟ್ಟಿಸಬೇಕು. ಅಕಾರಾದಿಯಾಗಿ ಮುದ್ರಿಸಿದ ಪೂರ್ವಪ್ರತ್ಯಯಗಳ ಪಟ್ಟಿಯನ್ನು ಕಂಠಪಾಠ ಮಾಡುವುದಕ್ಕಿಂತ ಇದು ಎಷ್ಟೋ ಮೇಲು.

ಮೂತ್ರಕ್ಕೆ ಸಂಬಂಧಿಸಿದ ಯೂರಿಯ ಎಂಬ ಭಾಗವನ್ನು ತೆಗೆದುಕೊಳ್ಳಿ. ಪಾಲಿಯೂರಿಯ ಎಂದರೆ ಮೂತ್ರ ಅತಿಯಾಗಿ ಹೋಗುವುದು, ವಯಸ್ಕರಲ್ಲಿ ದಿನಕ್ಕೆ ಸುಮಾರು 3 ಲೀಟರಿಗಿಂತ ಹೆಚ್ಚು. ಒಲಿಗ್ಯೂರಿಯ ಎಂದರೆ ಅಲ್ಪಮೂತ್ರ, ದಿನಕ್ಕೆ 400 ಮಿಲಿಲೀಟರಿಗಿಂತ ಕಡಿಮೆ. ಅನ್ಯೂರಿಯ ಎಂದರೆ ಮೂತ್ರವೇ ಇಲ್ಲದ ಸ್ಥಿತಿ. ವ್ಯವಹಾರದಲ್ಲಿ ದಿನಕ್ಕೆ 100 ಮಿಲಿಲೀಟರಿಗಿಂತ ಕಡಿಮೆ ಇದ್ದರೂ ಹಾಗೆಯೇ ಬರೆಯುತ್ತಾರೆ. ಡಿಸ್ಯೂರಿಯ ಎಂದಾಗ ಪ್ರಮಾಣದ ಮಾತು ಹೋಗಿ ಉರಿ ಮತ್ತು ನೋವಿನ ಮಾತು ಬಂತು. ಮಳೆಗಾಲದಲ್ಲಿ ಇಲಿಜ್ವರದಿಂದ ಮೂತ್ರಪಿಂಡಕ್ಕೆ ಪೆಟ್ಟು ಬಿದ್ದವರು ದಾಖಲಾದಾಗ, ದೇಹಕ್ಕೆ ಹೋದ ಮತ್ತು ಹೊರಬಂದ ದ್ರವದ ಲೆಕ್ಕವಿಡುವ ಇನ್‌ಟೇಕ್-ಔಟ್‌ಪುಟ್ ಚಾರ್ಟನ್ನು ತುಂಬುವವರು ಹೊಸ ವಿದ್ಯಾರ್ಥಿಗಳೇ ಆಗಿರುತ್ತಾರೆ. ಆ ಚಾರ್ಟಿನ ಅಂಕಿ ಯಾವ ಪದದ ಕಡೆಗೆ ಜಾರುತ್ತಿದೆ ಎಂಬುದು ಅವರಿಗೆ ತಿಳಿದಿದ್ದರೆ ವೈದ್ಯರಿಗೆ ಸಕಾಲದಲ್ಲಿ ಹೇಳಬಲ್ಲರು.

ಉಸಿರಾಟಕ್ಕೆ ಸಂಬಂಧಿಸಿದ ಪ್ನಿಯ ಎಂಬುದು ಇನ್ನೊಂದು ಒಳ್ಳೆಯ ಮೂಲ. ಆಪ್ನಿಯ ಎಂದರೆ ಉಸಿರು ನಿಂತಿದೆ, ಡಿಸ್ಪ್ನಿಯ ಎಂದರೆ ಉಸಿರಾಡಲು ಕಷ್ಟವಾಗುತ್ತಿದೆ, ಟ್ಯಾಕಿಪ್ನಿಯ ಎಂದರೆ ಉಸಿರಾಟ ವೇಗವಾಗಿದೆ, ಬ್ರಾಡಿಪ್ನಿಯ ಎಂದರೆ ನಿಧಾನವಾಗಿದೆ, ಯೂಪ್ನಿಯ ಎಂದರೆ ಸಹಜವಾಗಿದೆ. ನೇರವಾಗಿ ಕುಳಿತರಷ್ಟೇ ಸಲೀಸಾಗಿ ಉಸಿರಾಡಲು ಆಗುವ ಸ್ಥಿತಿ ಆರ್ಥೊಪ್ನಿಯ. ಆರ್ಥೊ ಎಂದರೆ ನೆಟ್ಟಗೆ. ಈ ಎರಡು ಸಾಲುಗಳನ್ನು ಹಿಡಿತಕ್ಕೆ ತಂದುಕೊಂಡವರಿಗೆ ಅತಿ ಬಳಕೆಯ ಪೂರ್ವಪ್ರತ್ಯಯಗಳಲ್ಲಿ ಒಂದು ದೊಡ್ಡ ಪಾಲು ಕೈಗೆ ಬಂದಂತೆಯೇ ಸರಿ.

ಮೂರನೆಯ ಹಂತ: ಗೊತ್ತಿರುವ ಉಪಸರ್ಗಗಳಿಗೆ ಜೋಡಿಸಿಕೊಳ್ಳಿ

ನಿಷೇಧವನ್ನು ಹೇಳುವ ಅ ಮತ್ತು ಅನ್ ಎಂಬವುಗಳಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಇಲ್ಲಿ ಅರ್ಥವಷ್ಟೇ ಅಲ್ಲದೆ ನಿಯಮವೂ ಹೊಂದುತ್ತದೆ. ಅಶಕ್ತ, ಅಜ್ಞಾನ ಎಂಬಲ್ಲಿ ಮುಂದೆ ವ್ಯಂಜನ ಇರುವುದರಿಂದ ಬರೀ ಅ ಬಂದಿದೆ. ಅನಾರೋಗ್ಯ, ಅನುಚಿತ ಎಂಬಲ್ಲಿ ಮುಂದೆ ಸ್ವರ ಇರುವುದರಿಂದ ಅನ್ ಬಂದಿದೆ. ಗ್ರೀಕಿನಲ್ಲಿಯೂ ಇದೇ ಕ್ರಮ. ಆಪ್ನಿಯ ಮತ್ತು ಅಸಿಸ್ಟಲಿ (ಹೃದಯದ ಬಡಿತ ನಿಂತಿರುವುದು) ಎಂಬಲ್ಲಿ ಬರೀ ಅ, ಅನ್ಯೂರಿಯ ಮತ್ತು ಅನೀಮಿಯ ಎಂಬಲ್ಲಿ ಅನ್. ಅನೀಮಿಯ ಪದದ ಅಕ್ಷರಾರ್ಥ ರಕ್ತವಿಲ್ಲದಿರುವುದು ಎಂದಾದರೂ ವಾಸ್ತವದಲ್ಲಿ ಅದು ರಕ್ತಹೀನತೆ, ಅಂದರೆ ಹಿಮೋಗ್ಲೋಬಿನ್ ಕೊರತೆ. ಹೀಗೆ ನಿಷೇಧ ಪ್ರತ್ಯಯವು ಕೆಲವೊಮ್ಮೆ ಪೂರ್ಣ ಅಭಾವವನ್ನೂ ಕೆಲವೊಮ್ಮೆ ಕೊರತೆಯನ್ನೂ ಹೇಳುತ್ತದೆ ಎಂಬುದನ್ನು ಟಿಪ್ಪಣಿಯಲ್ಲಿ ಬರೆದಿಟ್ಟುಕೊಳ್ಳಿ.

ಡಿಸ್ ಎಂಬುದು ನಮ್ಮ ದುಸ್, ದುರ್ ಎಂಬುದರ ನೇರ ಬಂಧು. ದುಸ್ತರ ಎಂದರೆ ದಾಟಲು ಕಷ್ಟವಾದದ್ದು, ದುರ್ಗಮ ಎಂದರೆ ಹೋಗಲು ಕಷ್ಟವಾದದ್ದು. ಡಿಸ್ಫೇಜಿಯ ಎಂದರೆ ನುಂಗಲು ಕಷ್ಟವಾಗುವುದು. ಯೂ ಎಂಬುದಕ್ಕೆ ಸು ಜೊತೆಯಾಗುತ್ತದೆ. ಥೈರಾಯ್ಡ್ ಪರೀಕ್ಷೆಯ ವರದಿಯಲ್ಲಿ ಯೂಥೈರಾಯ್ಡ್ ಎಂದಿದ್ದರೆ ಗ್ರಂಥಿಯ ಕೆಲಸ ಸುಗಮವಾಗಿದೆ ಎಂದು ತಿಳಿಯಬಹುದು. ನಿಯೊ ಎಂದರೆ ನವ. ನಿಯೊನೇಟ್ ಎಂದರೆ ನವಜಾತ ಶಿಶು, ಹುಟ್ಟಿದ ಮೊದಲ 28 ದಿನಗಳ ಮಗು. ಪೆರಿ ಎಂದರೆ ಪರಿ; ಉಡುಪಿಯಲ್ಲಿ ಕೃಷ್ಣಮಠವನ್ನು ರಥಬೀದಿ ಬಳಸಿಕೊಂಡಿರುವಂತೆ ಪೆರಿಕಾರ್ಡಿಯಮ್ ಹೃದಯವನ್ನು ಬಳಸಿಕೊಂಡಿದೆ. ಪ್ರೊ ಎಂದರೆ ಪ್ರ, ಮುಂದಕ್ಕೆ. ರೋಗ ಮುಂದೆ ಯಾವ ದಾರಿ ಹಿಡಿಯಬಹುದೆಂಬ ಅಂದಾಜು ಪ್ರೊಗ್ನೋಸಿಸ್. ಅಬ್ ಎಂಬುದು ಅಪ. ಅಬ್ಡಕ್ಷನ್ ಎಂದರೆ ಕೈಯನ್ನಾಗಲಿ ಕಾಲನ್ನಾಗಲಿ ದೇಹದ ನಡುಗೆರೆಯಿಂದ ಆಚೆಗೆ ಒಯ್ಯುವುದು. ಅದೇ ಇಂಗ್ಲಿಷ್ ಪದಕ್ಕೆ ಪತ್ರಿಕೆಗಳಲ್ಲಿ ಅಪಹರಣ ಎಂಬ ಅರ್ಥ ಇರುವುದನ್ನು ನೆನೆದರೆ ಇದು ಎಂದಿಗೂ ಮರೆಯುವುದಿಲ್ಲ.

ಆದರೆ ಈ ನೆಂಟಸ್ತಿಕೆಯನ್ನು ಕುರುಡಾಗಿ ನಂಬಬಾರದು. ಅಂತರ್ ಎಂಬುದು ನಮ್ಮಲ್ಲಿ ಎರಡು ಕೆಲಸ ಮಾಡುತ್ತದೆ. ಅಂತರ್ಜಲ ಎಂದಾಗ ಒಳಗೆ ಎಂಬ ಅರ್ಥ, ಅಂತರ್ಜಾತೀಯ ವಿವಾಹ ಎಂದಾಗ ನಡುವೆ ಎಂಬ ಅರ್ಥ. ವೈದ್ಯಕೀಯದಲ್ಲಿ ಇವೆರಡಕ್ಕೂ ಬೇರೆ ಬೇರೆ ರೂಪಗಳಿವೆ. ಇಂಟರ್ ಎಂದರೆ ನಡುವೆ ಮಾತ್ರ, ಇಂಟ್ರಾ ಎಂದರೆ ಒಳಗೆ ಮಾತ್ರ. ಇಂಟರ್‌ಕಾಸ್ಟಲ್ ಎಂದರೆ ಎರಡು ಪಕ್ಕೆಲುಬುಗಳ ನಡುವಿನದು, ಇಂಟ್ರಾವೀನಸ್ ಎಂದರೆ ರಕ್ತನಾಳದ ಒಳಗಿನದು. ಹಾಗೆಯೇ ಉಪ ಎಂಬುದಕ್ಕೆ ಸಮೀಪದ, ಎರಡನೆಯ ದರ್ಜೆಯ ಎಂಬ ಅರ್ಥಗಳೂ ಕನ್ನಡದಲ್ಲಿವೆ. ಅದರ ಬಂಧುಗಳಾದ ಹೈಪೊ ಮತ್ತು ಸಬ್ ಆಸ್ಪತ್ರೆಯಲ್ಲಿ ಮುಖ್ಯವಾಗಿ ಕೆಳಗೆ ಅಥವಾ ಕಡಿಮೆ ಎಂಬುದನ್ನೇ ಹೇಳುತ್ತವೆ. ಆದ್ದರಿಂದ ಕನ್ನಡದ ಉಪಸರ್ಗವನ್ನು ನೆನಪಿಗೆ ಆಸರೆಯಾಗಿ ಇಟ್ಟುಕೊಳ್ಳಿ, ಅರ್ಥವನ್ನು ಮಾತ್ರ ಪಠ್ಯಪುಸ್ತಕದಲ್ಲಿ ನೋಡಿ ಖಚಿತಪಡಿಸಿಕೊಳ್ಳಿ.

ನಾಲ್ಕನೆಯ ಹಂತ: ವಿರುದ್ಧ ಜೋಡಿಗಳನ್ನು ಒಟ್ಟಿಗೆ ಕಲಿಯಿರಿ

ಹೈಪರ್ ಮತ್ತು ಹೈಪೊ, ಅಂದರೆ ಹೆಚ್ಚು ಮತ್ತು ಕಡಿಮೆ, ಎಲ್ಲಕ್ಕಿಂತ ಮುಖ್ಯವಾದ ಜೋಡಿ. ಜನರು ಹೈ ಬಿಪಿ, ಲೋ ಬಿಪಿ ಎನ್ನುವುದನ್ನು ಕೇಸ್ ಶೀಟ್ ಹೈಪರ್‌ಟೆನ್ಷನ್, ಹೈಪೊಟೆನ್ಷನ್ ಎನ್ನುತ್ತದೆ. ಸಕ್ಕರೆ ಏರಿದರೆ ಹೈಪರ್‌ಗ್ಲೈಸೀಮಿಯ. ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಹೈಪೊಗ್ಲೈಸೀಮಿಯ. ಪೊಟ್ಯಾಶಿಯಮ್ ಲೀಟರಿಗೆ 3.5 ಮಿಲಿಈಕ್ವಿವಲೆಂಟಿಗಿಂತ ಕಡಿಮೆಯಾದರೆ ಹೈಪೊಕಲೀಮಿಯ, ಸಹಜ ಮಟ್ಟವನ್ನು ಮೀರಿ ಏರಿದರೆ ಹೈಪರ್‌ಕಲೀಮಿಯ. ಮೊದಲನೆಯದಕ್ಕೆ ಪೊಟ್ಯಾಶಿಯಮ್ ಕೊಡಬೇಕಾಗುತ್ತದೆ. ಎರಡನೆಯದರಲ್ಲಿ ಅದನ್ನೇ ಕೊಟ್ಟರೆ ಹೃದಯದ ಬಡಿತ ನಿಂತುಹೋಗುವ ಅಪಾಯವಿದೆ. ಎರಡು ಪದಗಳ ನಡುವೆ ಇರುವ ವ್ಯತ್ಯಾಸ ಒಂದೆರಡು ಅಕ್ಷರಗಳದ್ದು, ಪರಿಣಾಮದಲ್ಲಿ ಜೀವದ್ದು. ಪೂರ್ವಪ್ರತ್ಯಯಗಳನ್ನು ಅಂದಾಜಿನ ಮೇಲೆ ಓದಬಾರದೆಂದು ನಾನು ಒತ್ತಿ ಹೇಳುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ.

ಟ್ಯಾಕಿ ಮತ್ತು ಬ್ರಾಡಿ ವೇಗದ ಜೋಡಿ. ವಿಶ್ರಾಂತಿಯಲ್ಲಿರುವ ವಯಸ್ಕರ ನಾಡಿಬಡಿತ ನಿಮಿಷಕ್ಕೆ 100 ದಾಟಿದರೆ ಟ್ಯಾಕಿಕಾರ್ಡಿಯ, 60ಕ್ಕಿಂತ ಇಳಿದರೆ ಬ್ರಾಡಿಕಾರ್ಡಿಯ. ಮ್ಯಾಕ್ರೊ ಮತ್ತು ಮೈಕ್ರೊ ಗಾತ್ರದ ಜೋಡಿ, ಪ್ರಿ ಮತ್ತು ಪೋಸ್ಟ್ ಕಾಲದ ಜೋಡಿ, ಸುಪ್ರಾ ಮತ್ತು ಇನ್‌ಫ್ರಾ ಮೇಲು ಕೆಳಗಿನ ಜೋಡಿ. ಇವು ಬಳಕೆಯಿಂದ ತಾವಾಗಿಯೇ ಬರುತ್ತವೆ.

ಐದನೆಯ ಹಂತ: ಜಾಗವನ್ನು ಹೇಳುವ ಪ್ರತ್ಯಯಗಳನ್ನು ಸೂಜಿಯ ಜೊತೆ ಕಲಿಯಿರಿ

ಪ್ರಾಯೋಗಿಕ ತರಗತಿಯಲ್ಲಿ ಇಂಜೆಕ್ಷನ್ ಅಭ್ಯಾಸ ಮಾಡುವ ದಿನವೇ ಈ ಗುಂಪನ್ನು ಕಲಿಯಲು ತಕ್ಕ ದಿನ. ಇಂಟ್ರಾಡರ್ಮಲ್ ಎಂದರೆ ಚರ್ಮದ ಪದರದೊಳಗೆ. ಸೂಜಿಯನ್ನು 10ರಿಂದ 15 ಡಿಗ್ರಿಯಷ್ಟು ಮಾತ್ರ ಓರೆಯಾಗಿಸಿ, ಬಹುಮಟ್ಟಿಗೆ ಮಲಗಿಸಿ ಚುಚ್ಚುತ್ತಾರೆ, ಔಷಧ ಹೋದಲ್ಲಿ ಸಣ್ಣ ಗುಳ್ಳೆ ಏಳುತ್ತದೆ. ಮಗುವಿನ ಎಡ ಮೇಲ್ದೋಳಿಗೆ ಹಾಕುವ ಬಿಸಿಜಿ ಲಸಿಕೆ ಹೀಗೆ. ಸಬ್‌ಕ್ಯುಟೇನಿಯಸ್ ಎಂದರೆ ಚರ್ಮದ ಕೆಳಗಿನ ಕೊಬ್ಬಿನ ಪದರಕ್ಕೆ. ಇನ್ಸುಲಿನ್ ಮತ್ತು ಬಲ ಮೇಲ್ದೋಳಿಗೆ ಹಾಕುವ ದಡಾರ-ರುಬೆಲ್ಲಾ ಲಸಿಕೆ ಹೀಗೆ ಹೋಗುತ್ತವೆ. ಇಂಟ್ರಾಮಸ್ಕ್ಯುಲರ್ ಎಂದರೆ ಸ್ನಾಯುವಿನೊಳಗೆ, ಸೂಜಿ 90 ಡಿಗ್ರಿಯಲ್ಲಿ ನೆಟ್ಟಗೆ. ಶಿಶುವಿನ ಎಡತೊಡೆಗೆ ಹಾಕುವ ಪೆಂಟಾವೇಲೆಂಟ್ ಲಸಿಕೆ ಈ ಬಗೆಯದು. ಸೂಜಿಯ ಓರೆ, ಅದು ಮುಟ್ಟುವ ಪದರ, ಪದದ ತಲೆ ಈ ಮೂರನ್ನೂ ಒಂದೇ ಚಿತ್ರದಲ್ಲಿ ಬರೆದು ಪುಸ್ತಕದಲ್ಲಿ ಅಂಟಿಸಿಕೊಳ್ಳಿ.

ಸಿರಿಂಜಿನ ಪೊಟ್ಟಣದ ಮೇಲೆ ಹೈಪೊಡರ್ಮಿಕ್ ಎಂದು ಮುದ್ರಿಸಿರುವುದನ್ನು ಗಮನಿಸಿ. ಹೈಪೊಡರ್ಮಿಕ್ ಮತ್ತು ಸಬ್‌ಕ್ಯುಟೇನಿಯಸ್ ಎರಡರ ಅಕ್ಷರಾರ್ಥವೂ ಚರ್ಮದ ಕೆಳಗೆ ಎಂದೇ. ಮೊದಲನೆಯದು ಗ್ರೀಕ್, ಎರಡನೆಯದು ಲ್ಯಾಟಿನ್. ಒಂದೇ ಅರ್ಥಕ್ಕೆ ಎರಡೆರಡು ರೂಪಗಳು ಇರುವುದು ಇದರಿಂದಲೇ: ಪಾಲಿ ಮತ್ತು ಮಲ್ಟಿ, ಹೆಮಿ ಮತ್ತು ಸೆಮಿ, ಮೊನೊ ಮತ್ತು ಯೂನಿ. ಗ್ರೀಕ್ ತಲೆ ಸಾಮಾನ್ಯವಾಗಿ ಗ್ರೀಕ್ ಮೂಲಕ್ಕೆ, ಲ್ಯಾಟಿನ್ ತಲೆ ಲ್ಯಾಟಿನ್ ಮೂಲಕ್ಕೆ ಅಂಟಿಕೊಳ್ಳುತ್ತದೆ. ಅಪವಾದಗಳಿವೆ, ಆದರೆ ಈ ಒಲವು ತಿಳಿದಿದ್ದರೆ ಸಾಕು.

ಸಂಖ್ಯೆಗಳನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬೈ ಎಂದರೆ ದ್ವಿ, ಟ್ರೈ ಎಂದರೆ ತ್ರಿ, ಪೆಂಟಾ ಎಂದರೆ ಪಂಚ. ಮಂಗಳೂರಿಗೆ ಚಿರಪರಿಚಿತವಾದ ಮಲೇರಿಯದ ಪರೀಕ್ಷೆಗೆ ಬಳಸುವ ಬೈವೇಲೆಂಟ್ ಕಿಟ್ ಫಾಲ್ಸಿಪ್ಯಾರಮ್ ಮತ್ತು ವೈವ್ಯಾಕ್ಸ್ ಎಂಬ ಎರಡು ಬಗೆಯ ರೋಗಾಣುಗಳನ್ನೂ ಗುರುತಿಸುತ್ತದೆ. ಪೆಂಟಾವೇಲೆಂಟ್ ಲಸಿಕೆಯು ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ (ಹಿಮೊಫಿಲಸ್ ಇನ್ಫ್ಲುಯೆಂಜಾ ಬಿ ಎಂಬ ಬ್ಯಾಕ್ಟೀರಿಯ) ಸೋಂಕು ಎಂಬ ಐದರಿಂದ ರಕ್ಷಿಸುತ್ತದೆ.

ಆರನೆಯ ಹಂತ: ಮೋಸಗೊಳಿಸುವ ರೂಪಗಳಿಗೆ ಬೇರೆ ಪುಟ ಇಡಿ

ಹೆರಿಗೆ ವಾರ್ಡಿನಿಂದಲೇ ಉದಾಹರಣೆ ಕೊಡುತ್ತೇನೆ. ತಾಯಿ ಕಾರ್ಡ್ ಹಿಡಿದು ಬರುವ ಗರ್ಭಿಣಿಗೆ ಆಂಟಿನೇಟಲ್ ತಪಾಸಣೆ ನಡೆಯುತ್ತದೆ. ಅದೇ ತಾಯಿಯ ರಕ್ತದ ಗುಂಪು ಆರ್‌ಎಚ್ ನೆಗೆಟಿವ್ ಆಗಿದ್ದು ಮಗುವಿನದು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಗಳೊಳಗೆ ಆಂಟಿ-ಡಿ ಚುಚ್ಚುಮದ್ದು ಕೊಡುತ್ತಾರೆ. ಕಿವಿಗೆ ಎರಡೂ ಆಂಟಿ. ಕನ್ನಡ ಲಿಪಿಯಲ್ಲಿ ಬರೆದರೂ ಒಂದೇ. ಇಂಗ್ಲಿಷ್ ಕಾಗುಣಿತದಲ್ಲಿ ಮಾತ್ರ ಮೊದಲನೆಯದು ಇ ಅಕ್ಷರದಿಂದಲೂ ಎರಡನೆಯದು ಐ ಅಕ್ಷರದಿಂದಲೂ ಮುಗಿಯುತ್ತದೆ. ಇ ಇದ್ದರೆ ಮುಂಚೆ ಎಂದರ್ಥ: ಹುಟ್ಟುವ ಮುಂಚಿನ ಕಾಲ ಆಂಟಿನೇಟಲ್, ಹೆರಿಗೆಗೆ ಮುಂಚಿನ ರಕ್ತಸ್ರಾವ ಆಂಟಿಪಾರ್ಟಮ್ ಹೆಮರೇಜ್. ಐ ಇದ್ದರೆ ವಿರುದ್ಧ ಎಂದರ್ಥ: ಆಂಟಿಬಯೋಟಿಕ್, ಜ್ವರ ಇಳಿಸುವ ಆಂಟಿಪೈರೆಟಿಕ್. ಇಂತಹ ಜೋಡಿಗಳನ್ನು ಕನ್ನಡದಲ್ಲಿ ಮಾತ್ರ ಬರೆದುಕೊಂಡರೆ ಸಾಲದು. ಇಂಗ್ಲಿಷ್ ಕಾಗುಣಿತವನ್ನೂ ಪಕ್ಕದಲ್ಲಿ ಬರೆದು ಬೇರೆಯಾಗುವ ಅಕ್ಷರವನ್ನು ಕೆಂಪು ಶಾಯಿಯಲ್ಲಿ ಗುರುತಿಸಬೇಕು.

ಹೆಮಿ ಎಂದರೆ ಅರ್ಧ, ಹಿಮ ಅಥವಾ ಹಿಮೊ ಎಂದರೆ ರಕ್ತ. ಹೆಮಿಪ್ಲೀಜಿಯ ಎಂದರೆ ದೇಹದ ಒಂದು ಪಾರ್ಶ್ವದ ಲಕ್ವ. ಹಿಮಟ್ಯೂರಿಯ ಎಂದರೆ ಮೂತ್ರದಲ್ಲಿ ರಕ್ತ. ಪೋಲಿಯೊ ಎಂಬುದಕ್ಕೂ ಬಹು ಎಂಬರ್ಥದ ಪಾಲಿಗೂ ಸಂಬಂಧವಿಲ್ಲ. ಬೂದು ಬಣ್ಣವನ್ನು ಹೇಳುವ ಗ್ರೀಕ್ ಪದದಿಂದ ಬಂದ ಅದು ಬೆನ್ನುಹುರಿಯ ಬೂದುಭಾಗವನ್ನು ಸೂಚಿಸುತ್ತದೆ. ಡಯಾಬಿಟಿಸ್ ಮತ್ತು ಡಯೇರಿಯಗಳಲ್ಲಿ ಇರುವುದು ಮೂಲಕ ಹಾದುಹೋಗು ಎಂಬರ್ಥದ ಡಯಾ, ಎರಡು ಎಂಬರ್ಥದ ಡೈ ಅಲ್ಲ.

ಪ್ಯಾರಾ ಎಂಬುದಂತೂ ಸಂದರ್ಭ ನೋಡಿಯೇ ಓದಬೇಕಾದದ್ದು. ಪ್ಯಾರಾಮೆಡಿಕಲ್ ಎಂಬಲ್ಲಿ ಪಕ್ಕದ, ಜೊತೆಗಿರುವ ಎಂಬ ಅರ್ಥವಿದೆ. ಪ್ಯಾರಾಪ್ಲೀಜಿಯ ಎಂದರೆ ಎರಡೂ ಕಾಲುಗಳ ಸ್ವಾಧೀನ ತಪ್ಪುವುದು. ಹೆರಿಗೆ ವಾರ್ಡಿನಲ್ಲಿ ಪ್ಯಾರಾ 2 ಎಂದು ಬರೆದಿದ್ದರೆ ಅದು ಪೂರ್ವಪ್ರತ್ಯಯವೇ ಅಲ್ಲ. ಹೆರು ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದು ಹಿಂದಿನ ಹೆರಿಗೆಗಳ ಲೆಕ್ಕವನ್ನು ಹೇಳುತ್ತದೆ. ಪ್ಯಾರಾಸಿಟಮಾಲಿನ ಪ್ಯಾರಾ ರಸಾಯನಶಾಸ್ತ್ರದ್ದು.

ಏಳನೆಯ ಹಂತ: ಕೇಸ್ ಶೀಟಿನ ಮೇಲೆ ಪ್ರಯೋಗಿಸಿ

ಅಭ್ಯಾಸಕ್ಕಾಗಿ ಹೆಣೆದ ಒಂದು ಡಿಸ್ಚಾರ್ಜ್ ಸಮರಿಯ ಸಾಲುಗಳು ಇಲ್ಲಿವೆ: ಪಾಲಿಯೂರಿಯ ಮತ್ತು ಪಾಲಿಡಿಪ್ಸಿಯ ಎಂಬ ದೂರಿನೊಂದಿಗೆ ದಾಖಲು. ಎಫೆಬ್ರೈಲ್. ಟ್ಯಾಕಿಕಾರ್ಡಿಯ, ಟ್ಯಾಕಿಪ್ನಿಯ ಇದೆ. ಹೈಪರ್‌ಗ್ಲೈಸೀಮಿಯ ಮತ್ತು ಕೀಟೊಅಸಿಡೋಸಿಸ್. ಇಂಟ್ರಾವೀನಸ್ ದ್ರವ, ಇನ್ಸುಲಿನ್ ಆರಂಭ. ಹೈಪೊಕಲೀಮಿಯ ಕಂಡುಬಂದು ಸರಿಪಡಿಸಲಾಯಿತು. ಸಬ್‌ಕ್ಯುಟೇನಿಯಸ್ ಇನ್ಸುಲಿನ್‌ಗೆ ಬದಲಿಸಿ ಬಿಡುಗಡೆ.

ಪೂರ್ವಪ್ರತ್ಯಯಗಳನ್ನು ಬಲ್ಲವರಿಗೆ ಇದು ಪದಗಳ ಗುಡ್ಡೆಯಾಗಿ ಉಳಿಯದೆ ಒಬ್ಬ ರೋಗಿಯ ಕಥೆಯಾಗಿ ತೆರೆದುಕೊಳ್ಳುತ್ತದೆ. ಮೂತ್ರ ಹೆಚ್ಚು, ಬಾಯಾರಿಕೆ ಹೆಚ್ಚು, ಜ್ವರವಿಲ್ಲ, ಎದೆಬಡಿತ ಮತ್ತು ಉಸಿರಾಟ ಎರಡೂ ವೇಗ, ರಕ್ತದಲ್ಲಿ ಸಕ್ಕರೆ ಅಧಿಕ, ಕೀಟೋನ್‌ಗಳು ಸೇರಿ ರಕ್ತದ ಆಮ್ಲತೆಯೂ ಅಧಿಕ. ಸಕ್ಕರೆ ಮೂತ್ರದ ಜೊತೆಗೆ ನೀರನ್ನೂ ಎಳೆದೊಯ್ಯುವುದರಿಂದ ಬಾಯಾರಿಕೆ ಹುಟ್ಟಿತು. ದೇಹದಲ್ಲಿ ನೀರು ಬತ್ತಿದ್ದರಿಂದ ನಾಡಿ ಓಡತೊಡಗಿತು. ಆಮ್ಲತೆಯನ್ನು ಹೊರಹಾಕಲು ಉಸಿರು ಚುರುಕಾಯಿತು. ಇನ್ಸುಲಿನ್ ಕೊಟ್ಟಾಗ ಪೊಟ್ಯಾಶಿಯಮ್ ಜೀವಕೋಶಗಳ ಒಳಕ್ಕೆ ಸರಿದು ರಕ್ತದಲ್ಲಿ ಕಡಿಮೆಯಾಯಿತು. ಅಪಾಯ ಕಳೆದ ಮೇಲೆ ನಾಳದೊಳಗಿನ ಇನ್ಸುಲಿನ್ ಚರ್ಮದ ಕೆಳಗಿನದಕ್ಕೆ ಬದಲಾಯಿತು. ವಾರ್ಡಿನ ಪೋಸ್ಟಿಂಗಿನ ದಿನಗಳಲ್ಲಿ ನೀವು ನೋಡಿದ ಪದಗಳನ್ನು ಮಾತ್ರ, ರೋಗಿಯ ಹೆಸರಾಗಲಿ ಹಾಸಿಗೆಯ ಸಂಖ್ಯೆಯಾಗಲಿ ಇಲ್ಲದೆ, ಪುಸ್ತಕದಲ್ಲಿ ಬರೆದುಕೊಂಡು ರಾತ್ರಿ ಹೀಗೆ ಬಿಡಿಸಿ ನೋಡಿ. ಕೇಸ್ ಶೀಟಿನ ಫೋಟೋ ತೆಗೆಯುವುದು ಖಂಡಿತ ಸಲ್ಲದು.

ಎಂಟನೆಯ ಹಂತ: ಕಿವಿಗೂ ಬಾಯಿಗೂ ಅಭ್ಯಾಸ ಕೊಡಿ

ಪರೀಕ್ಷೆಯಲ್ಲಿ ಸರಿಯಾಗಿ ಬರೆಯುವವರೂ ಲ್ಯಾಬಿನಿಂದ ಬಂದ ಫೋನಿನಲ್ಲಿ ಹೈಪೊ ಎಂದದ್ದನ್ನು ಹೈಪರ್ ಎಂದು ಕೇಳಿಸಿಕೊಳ್ಳಬಹುದು. ಆದುದರಿಂದ ಇಬ್ಬರು ಗೆಳೆಯರು ಎದುರುಬದುರಾಗಿ ಕುಳಿತು, ಒಬ್ಬರು ಪದವನ್ನು ಸಹಜ ವೇಗದಲ್ಲಿ ಹೇಳಿ, ಮತ್ತೊಬ್ಬರು ಪದ, ಅರ್ಥ, ಅಂಕಿ ಮೂರನ್ನೂ ತಿರುಗಿ ಹೇಳುವ ಅಭ್ಯಾಸ ಮಾಡಬೇಕು. ಹೈಪೊಕಲೀಮಿಯ ಎಂದು ಕೇಳಿದವರು “ಪೊಟ್ಯಾಶಿಯಮ್ ಕಡಿಮೆ, 2.9, ಸರಿಯೇ ಸರ್?” ಎಂದು ಕೇಳಿ ಖಚಿತಪಡಿಸಿಕೊಂಡ ಮೇಲೆಯೇ ಬರೆದುಕೊಳ್ಳಬೇಕು. ಫಿಸಿಯೊಥೆರಪಿ ವಿಭಾಗದಲ್ಲಿ ಅಬ್ಡಕ್ಷನ್ ಮತ್ತು ನಡುಗೆರೆಯ ಕಡೆಗೆ ತರುವ ಅಡ್ಡಕ್ಷನ್‌ಗಳನ್ನು ಎ-ಬಿ, ಎ-ಡಿ ಎಂದು ಅಕ್ಷರ ಬಿಡಿಸಿ ಹೇಳುವ ರೂಢಿಯಿದೆ. ಅದನ್ನು ಎಲ್ಲ ವಿಭಾಗದವರೂ ಅನುಸರಿಸಬಹುದು.

ರೋಗಿಯ ಮುಂದೆ ನಿಂತಾಗ ಈ ತಲೆಗಳನ್ನೆಲ್ಲ ಕಳಚಿಡುವುದೂ ಕಲಿಕೆಯ ಭಾಗವೇ. ನಮ್ಮ ವಾರ್ಡುಗಳಲ್ಲಿ ಒಂದು ಹಾಸಿಗೆಯಲ್ಲಿ ತುಳು, ಪಕ್ಕದಲ್ಲಿ ಬ್ಯಾರಿ, ಅದರಾಚೆ ಕೊಂಕಣಿ ಅಥವಾ ಮಲಯಾಳ ಕೇಳಿಸುತ್ತದೆ. ಡಿಸ್ಯೂರಿಯ ಇದೆಯೇ ಎಂದು ಕೇಳಿದರೆ ಯಾರಿಗೂ ತಿಳಿಯದು, “ಅಮ್ಮಾ, ಮೂತ್ರ ಮಾಡುವಾಗ ಉರಿಯುತ್ತದೆಯೇ?” ಎಂದರೆ ಉತ್ತರ ಸಿಗುತ್ತದೆ. ನಿಮ್ಮ ಪುಸ್ತಕದಲ್ಲಿ ಪ್ರತಿ ಪದದ ಎದುರು ಅದರ ಅರ್ಥದ ಜೊತೆಗೆ ರೋಗಿಯನ್ನು ಕೇಳಬೇಕಾದ ಇಂತಹ ಒಂದು ಪ್ರಶ್ನೆಯನ್ನೂ ಬರೆದಿಡಿ, ಮನೆಯಲ್ಲಿ ತುಳು ಆಡುವವರು ತುಳುವಿನಲ್ಲಿಯೇ ಬರೆದುಕೊಳ್ಳಿ.